ಹದಿನಾಲ್ಕನೆಯ ಪುಟದ ಲುಸ್ ಡಾರಿ

ಪೆರೇರಾ ಊರಿನ ಗುಡ್ಡದ ಬದಿಯ ಆ ಮನೆಯಲ್ಲಿ ಎಂಟು ಕೋಣೆಗಳು. ಪ್ರತಿಯೊಂದರಲ್ಲೂ ಮಂಚ, ಕ್ಯಾಮೆರಾ, ಮುಖಕ್ಕೆ ಬೀಳುವ ದೀಪ. ಹೆಂಗಸರು ಕ್ಯಾಮೆರಾ ಮುಂದೆ ಬಟ್ಟೆ ಕಳಚುತ್ತಾರೆ. ದೂರದ ದೇಶಗಳ ಗಂಡಸರು ನೋಡಿ ದುಡ್ಡು ಹಾಕುತ್ತಾರೆ. ಹೊಸ ದೀಪವಿರುವ ಒಂದನೇ ಕೋಣೆ, ಜಾಲತಾಣದ ಮೊದಲ ಪುಟದಲ್ಲಿ ಕಾಣುವವಳಿಗೆ. ಆರು ವರ್ಷದ ಹಿಂದೆ ಅದು ಲುಸ್ ಡಾರಿಯದಾಗಿತ್ತು. ಈಗ ಅವಳಿಗೆ ಮೂವತ್ತೆಂಟು. ಬಟ್ಟೆ ಒಗೆಯುವ ಯಂತ್ರದ ಪಕ್ಕದ ಎಂಟನೇ ಕೋಣೆ. ಒಂದನೇ ಕೋಣೆಯ ಯೆಸೇನಿಯಾ ಒಂದು ಬೆಳಿಗ್ಗೆ ಗಳಿಸುವುದನ್ನು ಇವಳು ತಿಂಗಳಲ್ಲೂ ಕಾಣುವುದಿಲ್ಲ.

ಕ್ಯಾಮೆರಾ ಹಚ್ಚಿಕೊಂಡು ಕೂತವಳಿಗೆ ಯಾರೂ ದುಡ್ಡು ಹಾಕದಿದ್ದರೆ, ತಾಣ ಗಂಟೆಗಂಟೆಗೂ ಅವಳನ್ನು ಕೊನೆಯ ಪುಟಗಳತ್ತ ತಳ್ಳುತ್ತದೆ. ಆರಿಸಿಟ್ಟರೆ ಇದ್ದ ಪುಟ ಉಳಿಯುತ್ತದೆ. ಆದ್ದರಿಂದ ಖಾಲಿ ಕೂತವರು ಬೇಗ ಕ್ಯಾಮೆರಾ ಆರಿಸಿ ಅಡುಗೆಮನೆಗೆ ಬಂದು ಕಾಫಿ ಕುಡಿಯುತ್ತಾರೆ.

ಆ ಶುಕ್ರವಾರ ಲುಸ್ ಡಾರಿ ಆರಿಸಲಿಲ್ಲ. ಮಧ್ಯಾಹ್ನ ಎರಡರೊಳಗೆ ಏನೂ ಬೀಳದಿದ್ದರೆ ಕೋಣೆ ಬೇರೆಯವಳಿಗೆ ಎಂದು ಮಾಲೀಕ ಹೇಳಿಯಾಗಿತ್ತು.

ಒಂಬತ್ತಕ್ಕೆ ಕೋಣೆಗಳ ಉಸ್ತುವಾರಿ ವಿಲ್ಮಾರ್ ಬಾಗಿಲಲ್ಲಿ ಇಣುಕಿದ.

"ಡೋನ್ಯಾ ಲುಸ್, ಆರ್ಸಿ ಎದ್ ಬನ್ನಿ. ಹನ್ನೊಂದನೇ ಪುಟಕ್ಕೆ ಹೋಗಿದೀರ. ಇನ್ ಸ್ವಲ್ಪ ಹೊತ್ತಾದ್ರೆ ದೇವರ ಕಣ್ಣಿಗೂ ಬೀಳಲ್ಲ."

"ಬರ್ತಾನೆ ಕಣೋ. ದಿನಾ ಎಂಟಕ್ಕೆ ಬರೋನು. ಬಂದಾಗ ನಾನಿಲ್ದಿದ್ರೆ?"

ಬರಬೇಕಾದವನು ನಾರ್ವೆಯ ಮುದುಕ, ನಿವೃತ್ತ ನಾವಿಕ. ಏನು ತಿಂದೆ ಎಂದು ಕೇಳಿ, ಹೋಗುವಾಗ ತಪ್ಪದೆ ದುಡ್ಡು ಹಾಕುವವನು. ತಾಣದಲ್ಲಿ ಅವಳ ಹೆಸರು ಉಳಿಸಿಟ್ಟುಕೊಳ್ಳಲು ಅವನಿಗೆ ಬಾರದು. ದಿನವೂ ಪುಟ ತಿರುವಿ ಮುಖ ಹುಡುಕಿಕೊಂಡೇ ಬರುತ್ತಾನೆ.

ಹತ್ತಕ್ಕೆ ಯೆಸೇನಿಯಾ ಬಂದಳು. "ಅಕ್ಕಾ, ನನ್ ಪಕ್ಕ ಹತ್ ನಿಮಿಷ ಕೂತ್ಕೋ ಬಾ. ಎರಡ್ ಸಾವಿರ ಜನ ನೋಡ್ತಾ ಇದಾರೆ."

"ಅಮ್ಮನ್ನ ಕರ್ಕೊಂಡ್ ಬಂದಿದಾಳೆ ಅಂತಾರೆ. ಹೋಗೇ."

ಒಂದೂ ಐವತ್ತಕ್ಕೆ ಪರದೆಯಲ್ಲಿ ಮುದುಕನ ಅಕ್ಷರ ಮೂಡಿತು.

"ಎಲ್ಲಿದ್ದೆ? ಬೆಳಗ್ಗೆಯಿಂದ ಹುಡುಕ್ತಾ ಇದೀನಿ. ಹದಿನಾಲ್ಕು ಪುಟ ತಿರುವಿದೆ. ನೀನು ಬಿಟ್ಟೇ ಹೋದೆ ಅಂದ್ಕೊಂಡೆ. ಇದ್ದ ದುಡ್ಡನ್ನ ಮೊದಲ ಪುಟದ ಹುಡುಗಿಗೆ ಹಾಕ್ಬಿಟ್ಟೆ."

ಲುಸ್ ಡಾರಿ ನಕ್ಕಳು. ಕ್ಯಾಮೆರಾ ಇನ್ನೂ ನೋಡುತ್ತಿತ್ತು.

"ಪರವಾಗಿಲ್ಲ. ಇಲ್ಲೇ ಇದ್ದೆ," ಎಂದು ಬರೆದಳು.

ಎರಡಕ್ಕೆ ವಿಲ್ಮಾರ್ ಬಾಗಿಲು ತಟ್ಟಿದ. ಅವನ ಹಿಂದೆ ಹೊಸಬಳೊಬ್ಬಳು ತನ್ನದೇ ದಿಂಬು ಅಪ್ಪಿಕೊಂಡು ನಿಂತಿದ್ದಳು. ಬೆಳಗಿನ ಆರರಿಂದ ಉರಿದ ಹಳೇ ದೀಪ ಕಾದಿತ್ತು. ಆರಿಸಲು ಹೋದ ಲುಸ್ ಡಾರಿ ಬೆರಳು ಹಿಂದಕ್ಕೆಳೆದುಕೊಂಡು, ಅಂಗಿಯ ತುದಿಯಿಂದ ಹಿಡಿದು ಆರಿಸಿದಳು.

"ಇಲ್ಲಿ ಬೆಳಕು ಸಾಕಾಗುತ್ತಾ ಅಕ್ಕಾ?" ಹೊಸಬಳು ಕೇಳಿದಳು.

"ಸಾಕಾಗುತ್ತೆ ಮಗಳೇ. ಯಾರೂ ಬರ್ದಿದ್ರೆ ಬೇಗ ಆರ್ಸು. ಯಾರಿಗೂ ಕಾಯ್ಬೇಡ."