ಒಂದು ಫ್ಲಾಪಿಯಲ್ಲಿ ಹಿಡಿಸದ ಹಸು

ಕಳೆದ ವಾರ ಬೈಕಿಗೆ ಹೊಸ ಸೀಟ್ ಕವರ್ ಹಾಕಿಸಿದೆ. ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ ಮೂಗಿಗೆ ಬಡಿದದ್ದೇ ಶ್ರೀನಿವಾಸಪುರದ ಕಂಪ್ಯೂಟರ್ ಸೆಂಟರು ಎದುರಿಗೆ ಬಂತು. ಬೆಳಿಗ್ಗೆ ಯಂತ್ರಗಳ ಹೊದಿಕೆ ತೆಗೆದಾಗ ಇದೇ ವಾಸನೆ. ತೆಗೆಯುತ್ತಿದ್ದವರು ಮೇಡಂ. ಅವರು ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು, ನಾನು ಟೈಪಿಂಗ್. ಹೊದಿಕೆ ನೀಲಿಯೋ ಕಂದೋ... ಬಣ್ಣದ ವಿಷಯದಲ್ಲಿ ನನ್ನನ್ನು ನಂಬಬೇಡಿ.

ಎರಡು ಸಾವಿರದ ಆಚೀಚಿನ ವರ್ಷಗಳು. ಕ್ಯಾಲನೂರಿನ ಹಾಲಿನ ಡೇರಿಗೆಂದು ಮೇಡಂ ಒಂದು ಪ್ರೋಗ್ರಾಂ ಬರೆದಿದ್ದರು. ಹಸು ಗಬ್ಬವಾದ ದಿನ ಹಾಕಿದರೆ, ಕರು ಹಾಕುವ ದಿನವನ್ನೂ ಅದಕ್ಕೆ ಮೊದಲು ಹಾಲು ಕರೆಯುವುದನ್ನು ನಿಲ್ಲಿಸಬೇಕಾದ ದಿನವನ್ನೂ ತೋರಿಸುತ್ತಿತ್ತು. ಬರೆದದ್ದು ನಾಲ್ಕೇ ಪುಟ. ಆದರೆ ಅದನ್ನು ಬರೆದ ಪ್ರೋಗ್ರಾಂ ಭಾಷೆ ಡೇರಿಯ ಕಂಪ್ಯೂಟರಿನಲ್ಲಿರಲಿಲ್ಲ. ಭಾಷೆಯನ್ನೂ ಸೇರಿಸಿ ಒಂದೇ ಫೈಲು ಕಟ್ಟಬೇಕು. ಒಂದು ಮುದ್ದೆ ಬಡಿಸಲು ಒಲೆ, ಪಾತ್ರೆ, ಬೀಸುವ ಕಲ್ಲನ್ನೂ ಹೊತ್ತೊಯ್ದಂತೆ. ಡೇರಿಯ ಯಂತ್ರಕ್ಕೆ ಫ್ಲಾಪಿ ಬಿಟ್ಟರೆ ಬೇರೆ ಬಾಗಿಲಿಲ್ಲ. ಫೈಲು ಫ್ಲಾಪಿಗಿಂತ ದೊಡ್ಡದು.

ಡೇರಿ ಕಾರ್ಯದರ್ಶಿ ಮೊದಲೇ ಹೇಳಿಬಿಟ್ಟಿದ್ದರು: "ಒಂದೇ ಫ್ಲಾಪಿ ಮೇಡಂ, ಒಂದೇ ಸಲ. ಸಭೆ ದಿನ ಎಲ್ಲರ ಮುಂದೆ ಓಡಿದ್ರೆ ಸರಿ. ಇಲ್ಲಾಂದ್ರೆ ನಮಗೆ ಗೋಡೆ ಕ್ಯಾಲೆಂಡರೇ ಸಾಕು."

ಮೇಡಂ ಹಟ ಹಿಡಿದರು. ಫೈಲನ್ನು ಕುಗ್ಗಿಸಿದರು, ಸಾಲಲಿಲ್ಲ. ಬೇಡದ ತುಣುಕುಗಳನ್ನು ಒಂದೊಂದಾಗಿ ತೆಗೆಯತೊಡಗಿದೆವು. ಪ್ರತಿ ಸಲವೂ ಮೂಲೆಯ ಯಂತ್ರದಲ್ಲಿ ಓಡಿಸಿ ನೋಡಲೇಬೇಕೆಂಬುದು ಅವರ ಕಟ್ಟುನಿಟ್ಟು. ಆ ಭಾಷೆಯನ್ನು ಅದರೊಳಗೆ ಹಾಕಿರಲೇ ಇಲ್ಲ. ಅದಕ್ಕೆ ಬೋಳು ಯಂತ್ರವೆಂದು ಹೆಸರು.

"ನಮ್ಮ ಯಂತ್ರಗಳು ಸುಳ್ಳು ಹೇಳ್ತವೆ ಸಾರ್. ಫೈಲಲ್ಲಿ ಇಲ್ದಿದ್ದನ್ನ ತಮ್ಮ ಹೊಟ್ಟೆಯಿಂದ ತೆಗೆದು ಕೊಟ್ಬಿಡ್ತವೆ," ಎನ್ನುತ್ತಿದ್ದರು ಮೇಡಂ.

ಕೊನೆಗೆ ತುಸುವೇ ಹೆಚ್ಚಿತ್ತು. ಮೊದಲ ತೆರೆಯ ಹಸುವಿನ ಚಿತ್ರ ತೆಗೆದಿದ್ದರೆ ಮುಗಿಯುತ್ತಿತ್ತು. ಅದನ್ನು ಬಿಡಿಸಿದವನು ನಾನು. "ಅದೊಂದು ಇರಲಿ ಮೇಡಂ," ಎಂದೆ. ಸಭೆಯ ದಿನ ಬೆಳಿಗ್ಗೆ ಅದನ್ನುಳಿಸಲು ಬೇರೊಂದು ತುಣುಕು ತೆಗೆದೆ. ಬೋಳು ಯಂತ್ರದಲ್ಲಿ ವಿದ್ಯಾರ್ಥಿನಿಯೊಬ್ಬಳು ಪರೀಕ್ಷೆಗೆ ಕೂತಿದ್ದಳು. ನನ್ನ ಯಂತ್ರದಲ್ಲೇ ಓಡಿಸಿದೆ.

"ಓಡ್ತು ಮೇಡಂ, ನಡೀರಿ, ಬಸ್ಸಿಗೆ ಹೊತ್ತಾಯ್ತು."

ಕ್ಯಾಲನೂರಿನಲ್ಲಿ ಓಡಲಿಲ್ಲ. ಏನೋ ಸಿಗುತ್ತಿಲ್ಲವೆಂದು ಇಂಗ್ಲಿಷಿನ ಒಂದು ಸಾಲು ಬಂತು, ಅಷ್ಟೇ.

"ಏನ್ ಸಾರ್, ನಿಮ್ಮ ಹಸು ಎದ್ದೇಳ್ತಾನೇ ಇಲ್ಲ! ದನದ ಡಾಕ್ಟ್ರನ್ನ ಕರೆಸೋಣ್ವಾ?" ಹಿಂದಿನಿಂದ ಯಾರೋ ಕೂಗಿದರು.

"ಪೋನೀಲೇ, ಹೋಗ್ಲಿ ಬಿಡಿ ಮೇಡಂ," ಎಂದು ಕಾರ್ಯದರ್ಶಿ ಗೋಡೆಯ ಕ್ಯಾಲೆಂಡರಿನತ್ತ ನೋಡಿದರು.

ಎಲ್ಲರೂ ನಕ್ಕರು. ನಾನು ನೆಲ ನೋಡುತ್ತಿದ್ದೆ. ಮೇಡಂ ನನ್ನತ್ತ ತಿರುಗಲಿಲ್ಲ. "ತಪ್ಪು ನಂದು. ನಾಳೆ ಹಾಲು ಹಾಕೋ ಹೊತ್ತಿಗೆ ಬರ್ತೀನಿ. ಬೇಡ ಅಂದ್ರೂ ಬರ್ತೀನಿ," ಎಂದರು. "ತಪ್ಪು ನಂದು" ಎಂದರೋ, ನನ್ನ ಅನುಕೂಲಕ್ಕೆ ನಾನೇ ಆಮೇಲೆ ಸೇರಿಸಿಕೊಂಡೆನೋ... ಹೇಳಿ ಹೇಳಿ ಆ ಮಾತು ತೀರಾ ನುಣುಪಾಗಿದೆ. ಅದಕ್ಕೇ ಅನುಮಾನ.

ಮರುದಿನದ ಫ್ಲಾಪಿಯಲ್ಲಿ ಹಸುವಿನ ಚಿತ್ರವಿರಲಿಲ್ಲ. ಪ್ರೋಗ್ರಾಂ ಓಡಿತು. ಹಾಲು ತಂದಿದ್ದ ಹೆಂಗಸೊಬ್ಬರು ತಮ್ಮ ಹಸುವಿನ ದಿನ ಹೇಳಿದರು. ತೆರೆಯ ಮೇಲೆ ಬಂದದ್ದನ್ನು ಕಾರ್ಯದರ್ಶಿ ಎರಡು ಸಲ ಗಟ್ಟಿಯಾಗಿ ಓದಿದರು, ಬೆರಳು ಮಡಚಿ ಎಣಿಸಿದರು, ಆಮೇಲೆ ಮುಂದಿನವರನ್ನು ಕರೆದರು.

ಮೇಡಂ ತೀರಿಹೋಗಿ ಎರಡು ವರ್ಷವಾಯಿತಂತೆ. ಹಳೆಯ ವಿದ್ಯಾರ್ಥಿಯೊಬ್ಬರಿಗೆ ಮೊನ್ನೆ ಫೋನ್ ಮಾಡಿದಾಗ ತಿಳಿಯಿತು. ಸಭೆಯ ಆ ಬೆಳಿಗ್ಗೆ ಯಾವ ಯಂತ್ರದಲ್ಲಿ ಓಡಿಸಿದ್ದೆನೆಂದು ಮೇಡಂ ಎಂದೂ ಕೇಳಲೇ ಇಲ್ಲ. ನಾನೂ ಹೇಳಲಿಲ್ಲ. ಆ ವಾರವೇ ಇನ್ನೊಂದು ಡೇರಿಯ ಕೆಲಸ ಬಂತು. ಓಡಿಸಿ ನೋಡುವ ಕೆಲಸವನ್ನು ಮತ್ತೆ ನನಗೇ ಕೊಟ್ಟರು. ತಿಳಿದೇ ಕೊಟ್ಟರೋ, ತಿಳಿಯದೆಯೋ... ಕೇಳೋಣವೆಂದರೆ ಅವರಿಲ್ಲ.