ಸೌಂಡ್ ಬಂದ್ ಮಾಡಿ ತೋರಿಸಿದ ಅಮೆರಿಕ

"ಹಿತ್ತಲದಾಗ ಒಮ್ಮೊಮ್ಮೆ ಮೊಸಳಿ ಬರ್ತಾವ್ರಿ. ಅದಕ್ಕೇನ ಅಂಜಬ್ಯಾಡ್ರಿ, ತಾವ ಬಂದು ತಾವ ಹೋಗ್ತಾವ," ಎಂದು ಬೀಗ ತೆಗೆಯುತ್ತ ಹೇಳಿದರು ನೀಲವ್ವ. ಬಾಗಿಲನ್ನು ಅರ್ಧ ತೆರೆದವರು ಅಲ್ಲೇ ನಿಂತು ನನ್ನನ್ನು ತಿರುಗಿ ನೋಡಿದರು. "ಅದಿರ್ಲಿ, ನೀವು ಯಾವ ಮಂದಿ?"

ದಾಂಡೇಲಿಯಲ್ಲಿ ಅದು ನನ್ನ ಮೊದಲ ದಿನ. ಕಾಳಿ ನದಿಯ ಮೊಸಳೆ ಮನೆಯ ಹಿಂದಕ್ಕೆ ಬರುವುದು ಆ ತಾಯಿಗೆ ಒಂದು ವಿಷಯವೇ ಅಲ್ಲ, ಬಾಡಿಗೆಗೆ ಬಂದವನ ಜಾತಿ ವಿಷಯ. ಮದ್ದೂರಿನ ನನ್ನ ಜನರೇ, ನಾವು ಇದನ್ನು ಕೇಳುವುದಿಲ್ಲವೆಂದು ಬೀಗಬೇಡಿ. ನಾವು ಕೂರಿಸಿ, ಕಾಫಿ ಕೊಟ್ಟು, "ಯಾವೂರು, ಯಾರ ಪೈಕಿ, ಮನೆದೇವರು ಯಾವುದು" ಎಂದು ಸುತ್ತಿ ಬಳಸಿ ಅಲ್ಲಿಗೇ ಬರುತ್ತೇವೆ. ಇಲ್ಲಿಯವರು ಹೊಸ್ತಿಲಲ್ಲೇ ಮುಗಿಸುತ್ತಾರೆ. ಒಕ್ಕಲಿಗ ಎಂದೆ. "ಒಕ್ಕಲುತನದ ಮಂದಿ ಅಂದ್ರ ನಮ್ಮಂಗನ ಬಿಡ್ರಿ. ಖಂಡ ಒಂದು ಒಲಿ ಮ್ಯಾಲ ಇಡಬ್ಯಾಡ್ರಿ," ಎಂದು ಬಾಗಿಲನ್ನು ಪೂರ್ತಿ ತೆರೆದರು. ನೀಲವ್ವನ ಯಜಮಾನರು ಧಾರವಾಡ ಜಿಲ್ಲೆಯ ಹಳ್ಳಿಯಿಂದ ಕಾಗದದ ಗಿರಣಿಗೆ ದುಡಿಯಲು ಬಂದು ಇಲ್ಲೇ ಕಣ್ಣು ಮುಚ್ಚಿದವರು. ಅವರು ಬಂದಿಳಿದ ದಿನವೂ ಯಾರೋ ಹೀಗೆ ಕೇಳಿರಬೇಕು.

ಒಂದು ಕ್ಯಾಥೋಲಿಕ್ ಹೈಸ್ಕೂಲಿಗೆ ಸಮಾಜ ವಿಜ್ಞಾನದ ಮೇಷ್ಟ್ರಾಗಿ ಬಂದೆ. ಊರಲ್ಲೇ ಕೆಲಸ ಸಿಕ್ಕಿದ್ದರೆ ಯಾವನು ಬರುತ್ತಿದ್ದ? ಹೆಂಡತಿ ಅಂಗನವಾಡಿಯಲ್ಲಿ ಇದ್ದಾಳೆ, ಅದನ್ನು ಬಿಟ್ಟು ಬರುವಂತಿರಲಿಲ್ಲ. ನಾನೊಬ್ಬನೇ ಗಿರಣಿಯ ಬೆಂದ ಕೋಸಿನಂಥ ವಾಸನೆ ಕುಡಿದು ಏಳುವುದು, ಒಬ್ಬನೇ ಅನ್ನ ಬೇಯಿಸುವುದು, ಭಾನುವಾರ ಖಾನಾವಳಿ ಎಂಬ ಊಟದ ಮನೆಯಲ್ಲಿ ಕದ್ದವನಂತೆ ಕೋಳಿ ತಿಂದು ಬಾಯಿ ತೊಳೆದು ಬರುವುದು. ಮೊದಲ ವರ್ಷ ಎಷ್ಟೋ ಸಂಜೆ ಅತ್ತಿದ್ದೇನೆ. ನೀಲವ್ವ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕಳಿಸುತ್ತಿದ್ದರು. ಋಣ ತೀರಿಸೋಣವೆಂದು ನಾನೊಮ್ಮೆ ರಾಗಿಮುದ್ದೆ, ಸೊಪ್ಪಿನ ಸಾರು ಮಾಡಿ ಕೊಟ್ಟೆ. ಅಗಿಯಬಾರದು, ನುಂಗಬೇಕು ಎಂದು ತೋರಿಸಿದೆ. "ಅಗಿಯೂದಿಲ್ಲಂದ್ರ ದೇವರು ಹಲ್ಲು ಯಾಕ ಕೊಟ್ಟಾನ್ರಿ?" ಎಂದು ಕೇಳಿ, ಅಗಿದೇ ತಿಂದರು.

ಶಾಲೆಯಲ್ಲಿ ನನ್ನ ಹೆಸರು 'ಮೈಸೂರ ಸರ್' ಎಂದಾಯಿತು. ಮದ್ದೂರು ಎಲ್ಲಿ, ಮೈಸೂರು ಎಲ್ಲಿ ಎಂದು ನಾನೂ ತಿದ್ದಲಿಲ್ಲ. ಮಕ್ಕಳಲ್ಲಿ ಬಂಗೂರನಗರದ ಗಿರಣಿ ಅಧಿಕಾರಿಗಳ ಮನೆಯವರು ಹಿಂದಿ ಆಡುತ್ತಿದ್ದರು, ಜೋಯಿಡಾದವರು ಕೊಂಕಣಿ, ಹಳಿಯಾಳದ ಕಡೆಯವರು ತಮ್ಮ ಗಟ್ಟಿ ಕನ್ನಡ. ನಾನು "ಬತ್ತೀನಿ ಕಣ್ರೋ" ಎಂದರೆ ಇಡೀ ತರಗತಿ ನಗುತ್ತಿತ್ತು. ಒಂಬತ್ತನೇ ತರಗತಿಗೆ ಅಮೆರಿಕದ ಪಾಠ ಬಂದಾಗ ನಗುವೂ ನಿಂತು ಎಲ್ಲರೂ ತೂಕಡಿಸತೊಡಗಿದರು. ಪಠ್ಯದಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದವರು ಇದ್ದಾರೆ, ಹತ್ತಿ ಬಿಡಿಸಿದ ಗುಲಾಮರು ಇಲ್ಲ. ಆಗ ನಾನು ಸಿನಿಮಾ ಹಿಡಿದೆ.

ಸಭಾಂಗಣದ ಕಿಟಕಿಗಳಿಗೆ ಹಾಸ್ಟೆಲಿನ ಕಂಬಳಿ ಕಟ್ಟಿ, ಪ್ರೊಜೆಕ್ಟರ್ ಇಟ್ಟು, ಇಂಗ್ಲಿಷ್ ಚಿತ್ರಗಳ ತುಂಡುಗಳನ್ನು ಹಾಕಿ ತೋರಿಸುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಇಂಗ್ಲಿಷು ನನಗೇ ಅರ್ಧ ತಿಳಿಯುತ್ತಿರಲಿಲ್ಲ. ಹಾಗಾಗಿ ಸೌಂಡ್ ಬಂದ್ ಮಾಡಿ, ಪರದೆಯ ಪಕ್ಕ ನಿಂತು ಎಲ್ಲರ ಮಾತನ್ನೂ ನಾನೇ ಕನ್ನಡದಲ್ಲಿ ಆಡುತ್ತಿದ್ದೆ. "ಸೌಂಡ್ ತೆಗೆದು ನೋಡಿ, ಕಥೆಯಲ್ಲಿ ಯಾರಿಗೆ ಮಾತಿದೆ, ಯಾರಿಗೆ ಇಲ್ಲ ಅನ್ನೋದು ಗೊತ್ತಾಗುತ್ತೆ," ಎಂದು ಮಕ್ಕಳಿಗೆ ಹೇಳಿಕೊಟ್ಟೆ. ಅಂಥ ದೊಡ್ಡ ಮಾತು ಬಾಯಿಗೆ ಬಂದಿದ್ದಕ್ಕೆ ನನಗೇ ಹೆಮ್ಮೆಯಾಗಿತ್ತು.

ಒಂದು ದಿನ ನನ್ನ ಗಂಟಲು ಕಟ್ಟಿತು. ಯಾರು ಮಾತಾಡುತ್ತೀರಿ ಎಂದೆ. ಹಿಂದಿನ ಬೆಂಚಿನಿಂದ ಜುಲಿಯಾನಾ ಎದ್ದು ಬಂದಳು. ಹಳಿಯಾಳದ ಆಚೆ ಕಾಡಂಚಿನ ಹಳ್ಳಿಯ ಸಿದ್ದಿ ಹುಡುಗಿ, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಸಿದ್ದಿಯರೆಂದರೆ, ಊರಿನವರಿಗೆ ತಿಳಿಯಲೆಂದು ಹೇಳುತ್ತೇನೆ, ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ತಪ್ಪಿಸಿಕೊಂಡು ಈ ಕಾಡು ಸೇರಿದವರ ವಂಶದವರು. ಪರದೆಯ ಮೇಲೆ ಮನುಷ್ಯರ ಹರಾಜು ನಡೆಯುತ್ತಿತ್ತು. "ಹಲ್ಲ ತೋರ್ಸಲೇ, ಬೆನ್ನ ತಿರಗಸಲೇ," ಎಂದು ಜುಲಿಯಾನಾ ದನದ ಸಂತೆಯ ದಲ್ಲಾಳಿಯಾದಳು. ಮರುಗಳಿಗೆ ಧ್ವನಿ ಇಳಿಸಿ, "ನನ್ನ ಕೂಸಿನ್ನ ಬ್ಯಾರೆ ಗಾಡಿಗೆ ಯಾಕ ಹತ್ತಸ್ತೀರಿ, ಇಬ್ಬರನ್ನೂ ಒಂದ ಮನಿಗೆ ಕೊಡ್ರಿ," ಎಂದು ತಾಯಿಯಾದಳು. ಯಾರೂ ತೂಕಡಿಸಲಿಲ್ಲ. ಕೊನೆಗೆ ಕಪ್ಪು ಕೋಟಿನ ಅಧ್ಯಕ್ಷ ಗುಲಾಮಗಿರಿ ರದ್ದು ಮಾಡುವ ಕಾಗದ ಓದುವಾಗ ಅವಳು ಬೆನ್ನು ನೆಟ್ಟಗೆ ಮಾಡಿ ನಿಂತು ಹೇಳಿದಳು: "ಇವತ್ತಿನಿಂದ ಯಾರಿಗೂ ಯಾರೂ ಧಣಿ ಅಲ್ಲ. ಯಾರ ಮನ್ಯಾಗೂ ಯಾರೂ ಆಳು ಅಲ್ಲ." ಅಂದಿನಿಂದ ನಾನು ಪ್ರೊಜೆಕ್ಟರ್ ನೋಡಿಕೊಂಡೆ, ಅಮೆರಿಕ ಅವಳ ಬಾಯಿಗೆ ಹೋಯಿತು.

ಆ ವರ್ಷದ ಗ್ಯಾದರಿಂಗಿಗೆ, ಅಂದರೆ ಶಾಲಾ ವಾರ್ಷಿಕೋತ್ಸವಕ್ಕೆ, ಇದನ್ನೇ ನಾಟಕ ಮಾಡೋಣವೆಂದು ನಿರ್ಧಾರವಾಯಿತು. ಜುಲಿಯಾನಾ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು.

"ಸರ್, ಆ ಕಾಗದ ಓದೂದು ನನಗ ಕೊಡ್ರಿ. ನಮ್ಮವ್ವ ನೋಡಾಕ ಬರ್ತಾಳ."

"ನಿಮ್ಮಮ್ಮ ಪ್ರತಿ ವರ್ಷ ಬರ್ತಾರಲ್ಲಮ್ಮ?"

"ಇಲ್ರಿ, ಒಮ್ಮಿನೂ ಬಂದಿಲ್ಲ. ಕುಣಿಯೂದು ಏನ ನೋಡೂದೈತಿ ಅಂತಾಳ. ಮಾತಾಡ್ತೀಯಂದ್ರ ಬರ್ತೇನಿ ಅಂದಾಳ."

ಅವಳ ತಾಯಿ ಕತ್ರೀನಾಬಾಯಿ ಪ್ರವಾಸಿಗರ ಕಾಲದಲ್ಲಿ ನದಿ ದಂಡೆಯ ರೆಸಾರ್ಟುಗಳಲ್ಲಿ ಕುಣಿಯುತ್ತಾರೆ. ಡಮಾಮಿ ಎಂಬ ಚರ್ಮವಾದ್ಯ ಬಾರಿಸಿ ಹಾಡುವುದು, ಕುಣಿಯುವುದು ಸಿದ್ದಿಯರಲ್ಲಿ ಹಿಂದಿನಿಂದ ಇದೆ. ಆದರೆ ಅವರಲ್ಲಿ ಹೆಂಗಸರು ಕುಣಿಯುವುದು ಸೀರೆ ಉಟ್ಟು. ಮೈಗೆ ಸೊಪ್ಪು ಕಟ್ಟಿ, ಮುಖಕ್ಕೆ ಬಿಳಿ ಬಣ್ಣದ ಚುಕ್ಕೆ ಇಡುವುದು ರೆಸಾರ್ಟಿನವರು ಯಾವುದೋ ಚಿತ್ರದಲ್ಲಿ ನೋಡಿ ತಂದ ವೇಷ. ಶಾಲೆಯವರೂ ಅದನ್ನೇ ಸಿದ್ದಿ ಸಂಸ್ಕೃತಿ ಎಂದು ನಂಬಿ ಪ್ರತಿ ವರ್ಷ ಪ್ಲಾಸ್ಟಿಕ್ ಎಲೆ ತರಿಸುತ್ತಿದ್ದರು.

ಕೊಡಿಸುತ್ತೇನೆ ಎಂದು ಜುಲಿಯಾನಾಗೆ ಮಾತು ಕೊಟ್ಟೆ. ಮೀಟಿಂಗಿನಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಅದನ್ನು ತುಂಬ ಮೃದುವಾಗಿ ಮುರಿದರು. ಸಿಸ್ಟರ್ ಮಂಗಳೂರಿನ ಕಡೆಯವರು, ಕೆಟ್ಟವರೇನಲ್ಲ. ಹಾಸ್ಟೆಲ್ ಮಕ್ಕಳಿಗೆ ಜ್ವರ ಬಂದರೆ ಪಕ್ಕದಲ್ಲೇ ಕೂರುವವರು.

"ಎಂತ ಸರ್, ಜುಲಿಯಾನಾ ಡಾನ್ಸಿಗೆ ಬೇಕಲ್ಲ. ಹಾಸ್ಟೆಲಿನ ಸೋರುವ ಮಾಡು ಸರಿ ಮಾಡಿಸಿ ಕೊಟ್ಟ ರೆಸಾರ್ಟ್ ಧಣಿಗಳೇ ಮುಖ್ಯ ಅತಿಥಿ. ಅವರು ಕೇಳುವುದೇ ಸಿದ್ದಿ ಡಾನ್ಸ್."

"ಎರಡೂ ಮಾಡ್ಲಿ ಸಿಸ್ಟರ್."

"ಅಧ್ಯಕ್ಷನ ಪಾತ್ರಕ್ಕೆ ಆದಿತ್ಯ ಇದ್ದಾನೆ. ಬೆಳ್ಳಗೆ, ಉದ್ದ ಇದ್ದಾನೆ. ಟೋಪಿ ಹಾಕಿದರೆ ಅಮೆರಿಕದವನೇ."

"ಕ್ರಿಸ್‌ಮಸ್ ನಾಟಕದಲ್ಲಿ ಮಾತೆ ಮರಿಯಮ್ಮನ ಪಾತ್ರಕ್ಕೆ ಹುಡುಗೀನ ಬಂಗೂರನಗರದಿಂದ ತಂದ್ರಿ. ಬೆತ್ಲೆಹೇಮಿನಿಂದ ಯಾಕೆ ತರಿಸ್ಲಿಲ್ಲ?" ಎಂದೆ. ಪಕ್ಕದಲ್ಲಿದ್ದ ಚಿತ್ರಕಲೆ ಮೇಷ್ಟ್ರು ಸಮಾಧಾನ ಮಾಡುವವರಂತೆ, "ಜುಲಿಯಾನಾಗ ಗುಲಾಮರ ಪಾರ್ಟ್ ಕೊಡೂಣ್ರಿ. ಆಕಿಗೆ ಮೇಕಪ್ಪೂ ಬೇಕಾಗೂದಿಲ್ಲ," ಎಂದರು. ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ನಾನು ರೇಗಿದ್ದು ಅದಕ್ಕೇ.

ಗಿರಣಿ ಅಧಿಕಾರಿಯ ಮಗ ಆದಿತ್ಯನ ಮನೆಮಾತು ಹಿಂದಿ. ತಾಲೀಮಿನಲ್ಲಿ 'ಧಣಿ' ಎಂಬಲ್ಲಿಗೆ ಬಂದು ಪ್ರತಿ ಸಲ ನಿಲ್ಲುತ್ತಿದ್ದ. ಆಗ ಚಿತ್ರಕಲೆ ಮೇಷ್ಟ್ರಿಗೆ ಉಪಾಯ ಹೊಳೆಯಿತು. "ಸರ್, ನಿಮ್ಮ ಕ್ಲಾಸಿನ್ಯಾಗ ಮಾಡ್ತೀರಲ್ರಿ, ಹಂಗ ಮಾಡೂಣು. ಆದಿತ್ಯ ಬಾಯಿ ಆಡಸ್ಲಿ, ಜುಲಿಯಾನಾ ಪರದೆ ಹಿಂದ ನಿಂತು ಹೇಳ್ಲಿ." ಎಲ್ಲರೂ ಒಪ್ಪಿದರು. ನನ್ನ ಪದ್ಧತಿಯನ್ನೇ ನನ್ನ ಕೊರಳಿಗೆ ಕಟ್ಟಿದರು. ಬೇಡ ಎಂದೆ, ಜಗಳವಾಡಿದೆ, ನಾಟಕ ನನ್ನ ಕೈ ತಪ್ಪಿ ಚಿತ್ರಕಲೆ ಮೇಷ್ಟ್ರ ಕೈ ಸೇರಿತು. ಜುಲಿಯಾನಾಗೆ ಹೋಗಿ ಹೇಳಿದಾಗ ಅವಳು "ಹೂಂನ್ರಿ" ಎಂದಳು.

ಗ್ಯಾದರಿಂಗಿನ ಸಂಜೆ ಕತ್ರೀನಾಬಾಯಿ ಬಂದಿದ್ದರು. ನೀಲಿ ಸೀರೆ, ಕೊರಳಲ್ಲಿ ಶಿಲುಬೆ, ಹಿಂದಿನ ಸಾಲಿನ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮಗಳು ಮಾತಾಡುತ್ತಾಳೆ ಎಂಬುದಷ್ಟೇ ಅವರಿಗೆ ಗೊತ್ತಿತ್ತು. ನಾಟಕ ಮುಗಿದ ಕೂಡಲೇ ಡಾನ್ಸ್ ಇದ್ದುದರಿಂದ ಜುಲಿಯಾನಾಗೆ ಮೊದಲೇ ಎಲೆ ಕಟ್ಟಿ, ಮುಖಕ್ಕೆ ಚುಕ್ಕೆ ಇಟ್ಟು, ಕೈಗೆ ಮೈಕ್ ಕೊಟ್ಟು ಪರದೆಯ ಹಿಂದೆ ನಿಲ್ಲಿಸಿದ್ದರು. ದಲ್ಲಾಳಿ, ತಾಯಿ, ಕೂಸು ಎಲ್ಲರೂ ತಮ್ಮ ಮಾತು ತಾವೇ ಆಡಿದರು. ಆದಿತ್ಯ ಎತ್ತರದ ಟೋಪಿ ಹಾಕಿಕೊಂಡು ಬಂದು, ಕಾಗದ ಬಿಚ್ಚಿ, ಬಾಯಿ ಆಡಿಸಿದ.

ಏನೂ ಕೇಳಿಸಲಿಲ್ಲ. ಅವನು ಮತ್ತೆ ಆಡಿಸಿದ. ಮುಂದಿನ ಸಾಲಿನಲ್ಲಿ ಅತಿಥಿಗಳು ತಿರುಗಿ ನೋಡಿದರು. "ಮೈಕ್ ಕೆಟ್ಟೈತಿ," ಎಂದು ಯಾರೋ ಕೂಗಿದರು. ನಾನು ಪರದೆಯ ಹಿಂದಕ್ಕೆ ಓಡಿದೆ. ಮೈಕಿನ ಕೆಂಪು ದೀಪ ಉರಿಯುತ್ತಿತ್ತು. ಜುಲಿಯಾನಾ ಅದನ್ನು ಎದೆಯ ಹತ್ತಿರ ಹಿಡಿದು, ಬಾಯಿ ಮುಚ್ಚಿ ನಿಂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ಹೇಳಮ್ಮ," ಎಂದೆ.

"ಸೌಂಡ್ ಬಂದ್ ಮಾಡಿದ್ರ ಯಾರಿಗೆ ಮಾತೈತಿ, ಯಾರಿಗಿಲ್ಲ ಗೊತ್ತಾಗ್ತೈತಿ ಅಂತ ನೀವ ಹೇಳಿದ್ರಲ್ರಿ ಸರ್."

ಮೈಕ್ ಅದನ್ನು ಇಡೀ ಸಭಾಂಗಣಕ್ಕೆ ಕೇಳಿಸಿತು. ಅವಳು ಅದನ್ನು ಸ್ಟೂಲಿನ ಮೇಲೆ ಇಟ್ಟು, ಸೊಂಟದ ಎಲೆಗಳನ್ನು ಬಿಚ್ಚಿ ಅದರ ಪಕ್ಕ ಇಟ್ಟು, ಲಂಗದ ಮೇಲೇ ಹಾಸ್ಟೆಲಿನ ಕಡೆ ನಡೆದುಹೋದಳು. ಅವಳಿಲ್ಲದೆ ಡಾನ್ಸೂ ನಿಂತಿತು. ಆದಿತ್ಯ ಪಾಪ, ಟೋಪಿ ಕೈಯಲ್ಲಿ ಹಿಡಿದು ವೇದಿಕೆಯ ಮೇಲೆ ಅಳುತ್ತಿದ್ದ.

ಮರುದಿನ ಆಫೀಸಿನಲ್ಲಿ ಸಿಸ್ಟರ್ ದನಿ ಏರಿಸಲಿಲ್ಲ. "ಅತಿಥಿಗಳ ಮುಂದೆ ಮರ್ಯಾದೆ ಹೋಯಿತು. ಜುಲಿಯಾನಾ ಒಮ್ಮೆ ಕ್ಷಮೆ ಕೇಳಲಿ, ಮತ್ತೆ ಎಲ್ಲ ಮರೆಯುವಾ," ಎಂದರು. ಕತ್ರೀನಾಬಾಯಿ ಸೆರಗನ್ನು ಹೊದ್ದು ಮಗಳ ಪಕ್ಕ ನಿಂತೇ ಇದ್ದರು.

"ಸಿಸ್ಟರ್, ಹಾಡೂದು ಕುಣಿಯೂದು ನಮಗ ಯಾರೂ ಕಲಿಸೂದು ಬ್ಯಾಡ್ರಿ. ಅದು ನಮ್ಮ ಮನ್ಯಾಗ ಐತಿ. ಎಲೀ ಕಟ್ಟಿಕೊಂಡು ನಾ ಕುಣಿಯೂದು ಈಕಿ ಕುಣೀಬಾರದಂತ. ಮಾತಾಡಾಕ ಕಲೀಲಿ ಅಂತ ನಿಮ್ಮ ಕೈಯಾಗ ಕೊಟ್ಟಿದ್ದೆ," ಎಂದರು. ಆಮೇಲೆ ಮಗಳ ಟ್ರಂಕನ್ನು ತಲೆಯ ಮೇಲೆ ಇಟ್ಟುಕೊಂಡು ಗೇಟು ದಾಟಿದರು. ನಾನು ಗೇಟಿನ ತನಕ ಹಿಂದೆಯೇ ಹೋಗಿ ನಿಂತೆ. ಸಿಸ್ಟರ್ ಕಿಟಕಿಯಲ್ಲಿ ನಿಂತು ತುಂಬ ಹೊತ್ತು ಆ ದಾರಿಯನ್ನೇ ನೋಡಿದರು, ಕಣ್ಣೊರೆಸಿಕೊಂಡರು. ಅದೇ ವಾರ ಪ್ರೊಜೆಕ್ಟರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಸಿದರು.

ನಾನು ಕೆಲಸ ಬಿಡಲಿಲ್ಲ. ಬಿಟ್ಟು ಬಂದರೆ ನೀವೇನು ಕೆಲಸ ಇಟ್ಟುಕೊಂಡು ಕಾಯುತ್ತಿದ್ದೀರಾ? ಈಗ ಅಮೆರಿಕದ ಪಾಠವನ್ನು ಪುಸ್ತಕ ನೋಡಿಯೇ ಓದಿಸುತ್ತೇನೆ, ಮಕ್ಕಳು ತೂಕಡಿಸುತ್ತಾರೆ. ಆರು ವರ್ಷದಲ್ಲಿ ನನ್ನ ಬಾಯಲ್ಲಿ 'ರೀ' ಸೇರಿಕೊಂಡಿದೆ. ಹಬ್ಬಕ್ಕೆ ಮದ್ದೂರಿಗೆ ಬಂದರೆ ನನ್ನ ತಮ್ಮನೇ "ದಾಂಡೇಲಿಯೋರು ಬಂದ್ರು" ಎನ್ನುತ್ತಾನೆ. ಇಲ್ಲಿ ನೀಲವ್ವ ಹೊಸ ಬಾಡಿಗೆದಾರರಿಗೆ "ಇವರು ನಮ್ಮ ಸರ್ರು, ನಮ್ಮವರ" ಎಂದು ಪರಿಚಯ ಮಾಡಿಕೊಡುತ್ತಾರೆ. ಕೇಳಿದಾಗ ಖುಷಿಯಾಗುತ್ತದೆ, ಆಮೇಲೆ ಗೇಟು ದಾಟಿದ ಆ ಟ್ರಂಕು ನೆನಪಾಗುತ್ತದೆ.

ಮೊನ್ನೆ ಬೇಸಿಗೆ ರಜೆಗೆ ಊರಿಗೆ ಹೊರಟು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಜುಲಿಯಾನಾ ಸಿಕ್ಕಳು. ಹಳಿಯಾಳದ ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿಯ ಪರೀಕ್ಷೆ ಬರೆದಿದ್ದಾಳೆ. ಅಲ್ಲಿ ಸಿನಿಮಾ ಇಲ್ಲ, ಡಾನ್ಸೂ ಇಲ್ಲ ಎಂದು ನಕ್ಕಳು. ಮಾತಾಡುತ್ತಿರುವಾಗಲೇ ಜಂಗಲ್ ಟೋಪಿ ಹಾಕಿದ ಪ್ರವಾಸಿಗನೊಬ್ಬ ಫೋನ್ ಹಿಡಿದು ಅವಳ ಹತ್ತಿರ ಬಂದ. ಒಂದು ಸೆಲ್ಫಿ ಎಂದ. ಆಮೇಲೆ ಹಿಂದಿಯಲ್ಲಿ, ಯಾವ ದೇಶ ನಿನ್ನದು ಎಂದು ಕೇಳಿದ.

"ಹಳಿಯಾಳ," ಎಂದಳು.

ಅಲ್ಲ, ನಿಜವಾದ ದೇಶ ಎಂದು ಅವನು ನಕ್ಕ. ಅವಳು ಮುಖ ತಿರುಗಿಸಿದಳು. ನಾನು ನಡುವೆ ಬಂದು ಅವನನ್ನು ಗದರಿ ಕಳಿಸಿದೆ. ಮುಂಡಗೋಡದ ಬಸ್ಸಿನಿಂದ ಅಲ್ಲಿನ ನಿರಾಶ್ರಿತರ ಶಿಬಿರದ, ಕೆಂಪು ಬಟ್ಟೆಯ ಟಿಬೆಟ್ ಸನ್ಯಾಸಿಗಳಿಬ್ಬರು ಇಳಿದರು, ಅವನು ಅವರ ಹಿಂದೆ ಹೋದ. ಅವರಿಗಾದರೆ ಹೇಳಲು ಒಂದು ದೇಶದ ಹೆಸರಿದೆ.

ಜುಲಿಯಾನಾ ಅವನು ಹೋದ ಕಡೆ ನೋಡುತ್ತ ಕೇಳಿದಳು. "ಸರ್, ನಿಮ್ಮೂರಾಗ ನಿಮ್ಮನ್ನೂ ಹಿಂಗ ಯಾವ ಊರು ಅಂತ ಕೇಳ್ತಾರೇನ್ರಿ?"

"ಇಲ್ಲಮ್ಮ. ಆರು ವರ್ಷ ಆಯ್ತಲ್ಲ, ದಾಂಡೇಲಿಯವರಾಗಿಬಿಟ್ರಿ ಅಂತಾರೆ."

"ಹೌದನ್ರಿ," ಎಂದಳು. ಹಳಿಯಾಳದ ಬಸ್ಸು ಬಂದು ನಿಂತಿತು. ಚೀಲವನ್ನು ಹೆಗಲಿಗೇರಿಸಿ, ಮೆಟ್ಟಿಲ ಮೇಲೆ ಕಾಲಿಟ್ಟು ನನ್ನ ಕಡೆ ತಿರುಗಿದಳು.

"ಮತ್ತ ನಮಗ ಎಷ್ಟ ವರ್ಷ ಬೇಕಾಗ್ತೈತ್ರಿ ಸರ್?"