ಗದಗಿಗೆ ಸೊನ್ನೆ ಕೊಟ್ಟವರು

ಗಣಕಜಾಲವನ್ನು ಬರಿಯ ತಂತಿಗಳ ಜೋಡಣೆಯೆಂದು ತಿಳಿಯದೆ, ದೂರದೂರಿನ ರೋಗಿಗೂ ವೈದ್ಯರಿಗೂ ನಡುವಣ ದಾರಿಯೆಂದು ಕಂಡು ಕಟ್ಟಿದ ನಮ್ಮ ಜಿಲ್ಲೆಯ ಎಂಜಿನಿಯರರಲ್ಲಿ ಶ್ರೀಮತಿ ಅನ್ನವ್ವ ಬಾಕಳೆಯವರದು ಮೊದಲ ಸಾಲಿನ ಹೆಸರು. ಬೆಟಗೇರಿಯ ನೇಕಾರ ಮನೆತನದ ಅವರು ನಮ್ಮ ಆಸ್ಪತ್ರೆ ಬಳಗದ ಜಾಲವಿಭಾಗದ ಮುಖ್ಯಸ್ಥೆಯಾಗಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅಭಿನಂದಿಸಲು ಸಂತೋಷವಿದೆ; ಸಿಟ್ಟೂ ಇದೆ. ಎರಡನ್ನೂ ಬರೆಯುತ್ತೇನೆ.

ಶಿರಹಟ್ಟಿ ಶಾಖೆಯ ಪ್ರಯೋಗಾಲಯಕ್ಕೆ ನಾನು ಸೇರಿದ ಹೊಸತರಲ್ಲಿ, ಜಾಲವನ್ನು ವಲಯಗಳಾಗಿ ಏಕೆ ವಿಂಗಡಿಸಿದ್ದೀರಿ ಎಂದು ಅವರನ್ನು ಕೇಳಿದ್ದೆ. ಕ್ಯಾಂಟೀನಿನಲ್ಲಿ ಗಿರ್ಮಿಟ್ ತಾಟುಗಳನ್ನೇ ಸರಿಸಿ ತೋರಿಸಿದರು. ನಡುವಿನ ದೊಡ್ಡ ತಾಟು ಗದಗ. ಅದು ಬೆನ್ನೆಲುಬಿನ ವಲಯ. ಗಣಕಜಾಲದ ನಿಯಮದಂತೆ ಬೆನ್ನೆಲುಬಿನ ಸಂಖ್ಯೆ ಯಾವಾಗಲೂ ಸೊನ್ನೆಯೇ. ಸುತ್ತಲಿನವು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ.

"ಎಲ್ಲಾ ತಾಟೂ ದೊಡ್ಡದಕ್ಕ ತಾಗಿರಬೇಕ ತಂಗಿ. ಒಂದರಾಗಿನ ಮಿರ್ಚಿ ಇನ್ನೊಂದಕ್ಕ ಹೋಗಬೇಕಂದ್ರ ಇದರ ಮ್ಯಾಲೆ ಹಾಯ್ದ ಹೋಗಬೇಕು. ತಿನ್ನು, ಆರಾಕತ್ತೈತಿ."

ಈ ಸರಳ ಮಾತು ಅಂದಿನ ಆಡಳಿತಾಧಿಕಾರಿಗಳಿಗೆ ಹಿಡಿಸಲಿಲ್ಲ. ಶಾಖೆಗಳ ಸಭೆಯಲ್ಲಿ ಅವರು ಹೀಗೆಂದಾಗ ನಾನೂ ಇದ್ದೆ.

"ಜಿಲ್ಲಾದಾಗ ದೊಡ್ಡ ಆಸ್ಪತ್ರಿ ನಮ್ದು. ನಮಗ ಸೊನ್ನಿ ಅಂದ್ರ ಮಂದಿ ನಗೂದಿಲ್ಲೇನ್ರಿ? ಗದಗಿಗೆ ಒಂದು ಹಾಕ್ರಿ. ಸೊನ್ನಿ ಆ ಡೋಣಿಗೆ ಕೊಡ್ರಿ, ಅಲ್ಲೇನೈತಿ?"

ಡೋಣಿ ಎಂದರೆ ಮುಂಡರಗಿಗೆ ಜೋಡಿಸಿದ, ಕಪ್ಪತಗುಡ್ಡದ ಬದಿಯ ಪುಟ್ಟ ಘಟಕ.

"ಸರ್, ಇದು ಮಾರ್ಕ್ಸ್ ಅಲ್ರಿ. ಡೋಣಿಗೆ ಸೊನ್ನಿ ಕೊಟ್ರ ಗದಗ, ಲಕ್ಷ್ಮೇಶ್ವರ ಮಾತಾಡಾಕೂ ಡೋಣಿನ್ನ ಕೇಳಬೇಕಾಗತೈತಿ. ನಡದೀತ್ರಿ?"

ಸಭೆ ನಕ್ಕಿತು. ಅದೇ ಅನ್ನವ್ವನವರಿಗೆ ಮುಳುವಾಯಿತು.

ಮಗಳ ಮದುವೆಗೆಂದು ಅನ್ನವ್ವನವರು ರಜೆ ಹೋದಾಗ, ಆಡಳಿತಾಧಿಕಾರಿಗಳು ಹೊರಗಿನ ಗುತ್ತಿಗೆದಾರನಿಂದ ಅಂಕಿಗಳನ್ನು ಬದಲಿಸಿದರು: ಗದಗಿಗೆ ಒಂದು, ಡೋಣಿಗೆ ಸೊನ್ನೆ. ಸೊನ್ನೆಗೆ ತಾಗದ ಪ್ರತಿ ವಲಯವೂ ತನ್ನೊಳಗೇ ಮಾತಾಡಿಕೊಂಡಿತು. ಒಂದರ ದಾರಿ ಇನ್ನೊಂದಕ್ಕೆ ತಿಳಿಯದಾಯಿತು. ಗದಗಿನ ತುರ್ತು ಘಟಕದ ವೈದ್ಯರಿಗೆ ನಾವು ರಕ್ತಪರೀಕ್ಷೆಯ ವರದಿಗಳನ್ನು ಫೋನಿನಲ್ಲಿ ಓದಿ ಹೇಳಿದೆವು, ಪ್ರತಿಗಳನ್ನು ಬಸ್ಸಿಗೆ ಹಾಕಿದೆವು. ಕೈಯ ಅರಿಷಿಣವೂ ಆರದ ಅನ್ನವ್ವನವರು ಮದುವೆಮನೆಯಿಂದ ಎದ್ದು ಬಂದು ಸೊನ್ನೆಯನ್ನು ಗದಗಿಗೆ ಮರಳಿಸಿದರು. ವರದಿಗಳು ಹರಿದವು.

ಆಮೇಲೆ ಬಂದ ತೀರ್ಮಾನವೇನು? ಮುಖ್ಯಸ್ಥೆಯ ಗೈರುಹಾಜರಿಯಿಂದ ಜಾಲ ಕುಸಿಯಿತಂತೆ! ರಜೆ ಮಂಜೂರು ಮಾಡಿದ ಕೈಯೇ ಇದನ್ನೂ ಬರೆಯಿತು. ಬಡ್ತಿ ನಿಂತಿತು. ಅವರ ಮೇಲ್ಮನವಿಗೆ ಇಂದಿಗೂ ಉತ್ತರವಿಲ್ಲ. ಅವರು ಕಟ್ಟಿದ ಜಾಲವನ್ನು ದಿನವೂ ಬಳಸುತ್ತಲೇ ಅವರ ಮೇಲೆ ಈ ಸುಳ್ಳನ್ನು ಉಳಿಸಿಕೊಂಡ ನಮಗೆ, ಅವರಿಗೆ ಶಾಲು ಹೊದಿಸುವ ಯೋಗ್ಯತೆ ಎಲ್ಲಿಂದ ಬಂತು?

ಆದ್ದರಿಂದ ಆಡಳಿತ ಮಂಡಳಿಯಲ್ಲಿ ನನ್ನ ಬೇಡಿಕೆ ಒಂದೇ: ಶಾಲು ಆಮೇಲೆ ಇರಲಿ. ತಪ್ಪು ಅವರದಾಗಿರಲಿಲ್ಲ ಎಂದು ಶಾಲು ಹೊದಿಸುವ ಅದೇ ವೇದಿಕೆಯಿಂದ, ಅವರು ಎದುರಿಗೆ ಕುಳಿತಿರುವಾಗಲೇ, ಬಾಯಿಬಿಟ್ಟು ಹೇಳಿರಿ.

ಅನ್ನವ್ವನವರು ಬೆಟಗೇರಿಯ ಮನೆಯಲ್ಲೇ ಜಾಲವಿನ್ಯಾಸದ ಪಾಠ ಆರಂಭಿಸುವವರಿದ್ದಾರೆ. ಅವರಿಗೆ ದೀರ್ಘಾಯುಷ್ಯವಿರಲಿ, ಆ ಹರಿತ ನಾಲಿಗೆಯೂ ಹಾಗೆಯೇ ಇರಲಿ. ಗದಗ ಇಂದಿಗೂ ಸೊನ್ನೆಯೇ. ಈ ಸಮಾರಂಭದ ಆಮಂತ್ರಣ ಎಲ್ಲ ಶಾಖೆಗಳಿಗೂ ತಲುಪಿದ್ದು ಆ ಸೊನ್ನೆಯನ್ನು ಹಾಯ್ದೇ, ಡೋಣಿಗೂ.